ಓದಿ ಹೇಳುವವರು

ಪಟ್ಟಣದ ಓಣಿಯೊಂದರಲ್ಲಿ ಸಂಸಾರ ಹೂಡಿದ ಗೃಹಸ್ಥನಿಗೆ ದಿನವೊಂದಕ್ಕೆ ಎಷ್ಟು ಜನರ ಸೇವೆ ಬೇಕಾಗುವುದೆಂಬುದನ್ನು ನಾವು ಸಾಮಾನ್ಯವಾಗಿ ಎಣಿಸಿ ನೋಡುವುದಿಲ್ಲ. ನಮ್ಮ ಸುರಪುರದ ರಂಗಂಪೇಟೆಯನ್ನಾಗಲಿ, ಶಹಾಪುರದ ಹಳೆಯ ಪೇಟೆಯನ್ನಾಗಲಿ, ಯಾದಗಿರಿಯ ಕೋಟೆಗುಡ್ಡದ ಅಡಿಯ ಓಣಿಗಳನ್ನಾಗಲಿ ತೆಗೆದುಕೊಳ್ಳಿರಿ. ನಳಕ್ಕೆ ನೀರು ಬಿಡುವವನು ಬೇಕು. ಬೀದಿ ಗುಡಿಸುವವರು ಬೇಕು. ಹಾಲಿನವನು, ಕಾಯಿಪಲ್ಯದವಳು, ಜೋಳ ಬೀಸಿಕೊಡುವ ಗಿರಣಿಯವನು, ಕ್ಷೌರಿಕನು, ಅಗಸನು, ವಿದ್ಯುತ್ತಂತಿ ಕಡಿದರೆ ಕಂಬ ಹತ್ತುವವನು, ಇವರೆಲ್ಲರೂ ಬೇಕು. ಇವರಲ್ಲಿ ಯಾರೊಬ್ಬರು ಒಂದು ದಿನ ಬಾರದಿದ್ದರೂ ಮನೆಯಲ್ಲಿ ಗದ್ದಲವಾಗುವುದು. ಆದಕಾರಣ ಇವರ ಸೇವೆ ನಮ್ಮ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ಸೇವೆ ಮತ್ತೊಂದುಂಟು. ಸರಕಾರದಿಂದ ಬಂದ ಕಾಗದವನ್ನು ಓದಿ ಹೇಳುವುದು, ಸರಕಾರಕ್ಕೆ ಹೋಗಬೇಕಾದ ಕಾಗದವನ್ನು ಬರೆದುಕೊಡುವುದು. ಇದು ತಪ್ಪಿದರೆ ಆ ದಿನ ಏನೂ ಆಗುವುದಿಲ್ಲ. ಗದ್ದಲವಾಗುವುದು ವರ್ಷಗಳಾದ ಮೇಲೆ, ಹೊಲ ಹೋದಾಗ, ಇಲ್ಲವೆ ವೇತನ ನಿಂತಾಗ.

ಈ ಸೇವೆಯ ಬೆಲೆ ನಮ್ಮ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು. ೨೦೧೧ನೆಯ ಇಸವಿಯ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರರ ಪ್ರಮಾಣ ನೂರಕ್ಕೆ ೫೧.೮೩ ಎಂದು ಬಂದಿತು. ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಅದೇ ಅತ್ಯಂತ ಕಡಿಮೆ. ಸ್ತ್ರೀಯರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ನೂರಕ್ಕೆ ೪೧ರಷ್ಟು. ಆ ಮೇಲೆ ಮಕ್ಕಳು ಸಾಲಿಗೆ ಹೋಗಿದ್ದಾರೆ, ಓದು ಹೆಚ್ಚಿದೆ, ನಿಜ. ಆದರೆ ಮನೆಯ ಪಡಸಾಲೆಯಲ್ಲಿ ಕುಳಿತ ಮುದುಕಿ ಅಕ್ಷರ ಕಲಿತಿಲ್ಲ. ಹೊಲವೂ ವೇತನವೂ ಇರುವುದು ಅವಳ ಹೆಸರಿನಲ್ಲಿ.

ಕಾಗದಕ್ಕೂ ಜನಕ್ಕೂ ನಡುವಣ ಈ ಅಂತರ ಇಂದು ನಿನ್ನೆಯದಲ್ಲ. ೧೮೫೮ರಲ್ಲಿ ರಾಜಾ ವೆಂಕಟಪ್ಪನಾಯಕರ ಅಂತ್ಯವಾಗಿ, ೧೮೬೦ರಲ್ಲಿ ಸುರಪುರ ಸಂಸ್ಥಾನವು ನಿಜಾಮರ ಕೈಸೇರಿತು. ಕಚೇರಿಯ ಭಾಷೆ ಮೊದಲು ಪಾರಸಿಯಾಗಿದ್ದು, ಆ ಶತಮಾನದ ಕೊನೆಯ ದಶಕಗಳಲ್ಲಿ ಉರ್ದುವಾಯಿತು. ಕನ್ನಡವೊಂದನ್ನೇ ಬಲ್ಲ ಒಕ್ಕಲಿಗನು ತನ್ನ ತಕರಾರನ್ನು ತಹಸೀಲ ಕಚೇರಿಯ ಹೊರಗೆ ಕುಳಿತ ಅರ್ಜಿನವೀಸನಿಗೆ ಹೇಳಬೇಕು. ಆತನು ಉರ್ದುವಿನಲ್ಲಿ ಬರೆಯಬೇಕು. ಬರೆದದ್ದೇನೆಂಬುದು ಹೇಳಿದವನಿಗೆ ತಿಳಿಯದು. ಮತ್ತೊಂದು ತೊಡಕೂ ಇತ್ತು. ೧೮೭೧ರಲ್ಲಿ ರಾಯಚೂರಿನವರೆಗೆ ಬಂದ ರೈಲುದಾರಿ ಯಾದಗಿರಿಯನ್ನು ಹಾದುಹೋಗಿದ್ದರೂ ಆ ರೈಲು ನಿಜಾಮರದಲ್ಲ, ಇಂಗ್ಲಿಷರ ಕಂಪನಿಯದು. ಪೇಟೆಯಲ್ಲಿ ನಡೆಯುತ್ತಿದ್ದುದು ನಿಜಾಮರ ಹಾಲಿ ಸಿಕ್ಕಾ. ಇಂಗ್ಲಿಷರದು ಕಲ್ದಾರ್ ರೂಪಾಯಿ. ಆರು ಕಲ್ದಾರಿಗೆ ಸುಮಾರು ಏಳು ಹಾಲಿ. ಲೆಕ್ಕ ಬಾರದವನು ಅಲ್ಲಿಯೂ ಯಾರನ್ನಾದರೂ ಕೇಳಬೇಕಾಗಿತ್ತು.

ಆ ಅರ್ಜಿನವೀಸರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಡವರಿಂದ ಕಾಸು ಮುಟ್ಟದೆ ಬರೆದುಕೊಟ್ಟವರೂ, ಬರೆದ ಮೇಲೆ ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ತಿರುಗಿಸಿ ಹೇಳುತ್ತಿದ್ದವರೂ ಅವರಲ್ಲಿದ್ದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅವರ ಮಾತುಗಳು ಇಂದಿಗೂ ನಮ್ಮ ನಾಲಗೆಯ ಮೇಲಿವೆ. ಅರ್ಜಿ, ದಾಖಲೆ, ರುಜುವಾತು, ವಾರಸುದಾರ, ಜಮೀನು, ತಕರಾರು, ರಸೀದಿ: ಇವನ್ನು ಬಿಟ್ಟು ಕಚೇರಿಯ ಮಾತನ್ನು ಆಡಿ ನೋಡಿರಿ, ಆಗುವುದಿಲ್ಲ.

೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ ೧ರಂದು ನಾವು ಕನ್ನಡ ರಾಜ್ಯವನ್ನು ಸೇರಿದೆವು. ೧೯೬೩ರಲ್ಲಿ ಕನ್ನಡವು ಆಡಳಿತಭಾಷೆಯೆಂದು ಕಾಯಿದೆಯಾಯಿತು. ಇನ್ನು ಮೇಲೆ ಕಾಗದ ತಾನಾಗಿಯೇ ತಿಳಿಯುವುದೆಂದು ಹಿರಿಯರು ನಂಬಿದ್ದರು. ಆದರೆ ಕಚೇರಿಯ ಕನ್ನಡವು ಓಣಿಯ ಕನ್ನಡವಾಗಲಿಲ್ಲ. ‘ಅನುಬಂಧ’, ‘ದೃಢೀಕೃತ ಪ್ರತಿ’, ‘ಉಲ್ಲೇಖಿತ ಅಧಿಸೂಚನೆ’, ‘ಸೂಕ್ತ ಪ್ರಾಧಿಕಾರ’ ಎಂಬ ಶಬ್ದಗಳನ್ನು ಕಂಡರೆ ಸಂಸ್ಕೃತ ಓದಿದ ನನ್ನಂಥವನಿಗೆ ಸಂತೋಷವೇ. ನನ್ನ ನೆರೆಮನೆಯ ಗಾಡಿ ಹೊಡೆಯುವವನಿಗೆ ಅವು ಉರ್ದುವಿಗಿಂತಲೂ ದೂರ. ಉರ್ದುವನ್ನಾದರೂ ಆತನು ಸಂತೆಯಲ್ಲಿ ಕೇಳಿದ್ದಾನೆ.

ಕಾಗದವೊಂದು ಸಂಸಾರದ ಹಣೆಬರಹವನ್ನೇ ತಿದ್ದಬಲ್ಲದೆಂಬುದಕ್ಕೆ ‘ನಮೂನೆ ೭’ಕ್ಕಿಂತ ದೊಡ್ಡ ನಿದರ್ಶನ ಬೇಡ. ಉಳುವವನೇ ಹೊಲದೊಡೆಯನೆಂಬ ಭೂಸುಧಾರಣೆಯ ತಿದ್ದುಪಡಿ ೧೯೭೪ರ ಮಾರ್ಚ ೧ರಿಂದ ಜಾರಿಗೆ ಬಂದಿತು. ಗೇಣಿದಾರನು ತಾನು ಉಳುವ ಹೊಲದ ವಿವರವನ್ನು ಆ ನಮೂನೆಯಲ್ಲಿ ಬರೆದು ನ್ಯಾಯಮಂಡಳಿಗೆ ಸಲ್ಲಿಸಬೇಕು. ಗಡುವನ್ನು ಮೇಲಿಂದ ಮೇಲೆ ಮುಂದಕ್ಕೆ ಹಾಕಿ, ಕಡೆಗೆ ೧೯೭೯ರ ಜೂನ ೩೦ಕ್ಕೆ ನಿಲ್ಲಿಸಿದರು. ಐದು ವರ್ಷಗಳ ಕಾಲಾವಕಾಶ ಅಕ್ಷರವಂತನಿಗೆ ಬೇಕಾದಷ್ಟಾಯಿತು. ಯಾರೂ ಓದಿ ಹೇಳದವನಿಗೆ ಐದು ವರ್ಷವೂ ಒಂದೇ, ಐದು ದಿನವೂ ಒಂದೇ. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣವಾಗಿ, ಶಹಾಪುರ-ಸುರಪುರಗಳ ಒಣಭೂಮಿಗೆ ಕೃಷ್ಣೆಯ ಕಾಲುವೆ ಹರಿಯಿತು. ಜೋಳ ಬೆಳೆಯುತ್ತಿದ್ದ ಎರೆಯಲ್ಲಿ ಭತ್ತದ ಗದ್ದೆಗಳಾದವು. ಹೊಲದ ಬೆಲೆ ಏರಿದಂತೆ ಹೊಲದ ಕಾಗದದ ಬೆಲೆಯೂ ಏರಿತು. ಕಾಗದವಿಲ್ಲದವನ ನಷ್ಟವೂ ಏರಿತು.

ಇನ್ನು ನಮ್ಮ ಓಣಿಯ ಮಾತಿಗೆ ಬರುವೆನು. ನಾನು ಚಾಕರಿಗೆ ಸೇರಿದ ಕಾಲದಲ್ಲಿ ಓದಿ ಹೇಳಲು ಬರುತ್ತಿದ್ದವು ಹೆಚ್ಚಾಗಿ ಮನೆಯ ಕಾಗದಗಳು. ಯಾದಗಿರಿಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಗೋ ಬೆಂಗಳೂರಿಗೋ ಗುಳೆ ಹೋದ ಮಗನು ಯಾರಿಂದಲೋ ಬರೆಯಿಸಿದ್ದನ್ನು ಇಲ್ಲಿ ತಾಯಿ ಯಾರಿಂದಲೋ ಓದಿಸುತ್ತಿದ್ದಳು. ಈಗ ಮಗನು ಫೋನಿನಲ್ಲಿಯೇ ಮಾತನಾಡುತ್ತಾನೆ. ಅಕ್ಕರೆಯ ಕಾಗದ ನಿಂತುಹೋಗಿ, ಅಧಿಕಾರದ ಕಾಗದವೊಂದೇ ಮನೆಗೆ ಬರತೊಡಗಿದೆ. ಆದುದರಿಂದಲೇ ಮುದುಕಿಯರು ಅಂಚೆಯವನನ್ನು ಕಂಡರೆ ಮೊದಲಿನಂತೆ ಹಿಗ್ಗುವುದಿಲ್ಲ.

ಅಂಥ ಒಬ್ಬಾಕೆ, ಎಪ್ಪತ್ತು ದಾಟಿದವಳು, ಕೆಲವು ವರ್ಷಗಳ ಹಿಂದೆ ಜೋಳದ ಚೀಲದ ಕೆಳಗಿಟ್ಟಿದ್ದ ಕಾಗದವೊಂದನ್ನು ತಂದು ನನ್ನೆದುರು ಹಿಡಿದಳು. “ಮಾಸ್ತರ್ರಿ, ಇದು ಛಲೋ ಕಾಗದ ಅದನೋ, ಕೆಟ್ಟ ಕಾಗದ ಅದನೋ, ಅಷ್ಟು ಹೇಳ್ರಿ” ಎಂದಳು. ಅವಳ ವೃದ್ಧಾಪ್ಯ ವೇತನ ಎಂಟು ತಿಂಗಳಿಂದ ನಿಂತಿತ್ತು. ಹದಿನೈದು ದಿನದೊಳಗೆ ಇಂಥಿಂಥ ಪ್ರತಿಗಳನ್ನು ತರಬೇಕೆಂದು ಆ ಕಾಗದದಲ್ಲಿ ಬರೆದಿತ್ತು. ಯಾರಿಗೋ ತೋರಿಸಿದ್ದಳಂತೆ; ಅವರು ಏನೂ ಇಲ್ಲವೆಂದಿದ್ದರಂತೆ. ಹೊಸದಾಗಿ ಅರ್ಜಿ ಹಾಕುವ ಸಲುವಾಗಿ ಅವಳ ಹಳೆಯ ಅರ್ಜಿಯ ಪ್ರತಿಯನ್ನು ತರಿಸಿ ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆನು. ‘ಮಕ್ಕಳು: ಇಲ್ಲ’ ಎಂಬಲ್ಲಿಗೆ ಬಂದಾಗ ಅವಳು ಎದ್ದು ನಿಂತಳು.

“ಹಂಗ ಬರದಾರೇನ್ರಿ?”

“ಹೌದವ್ವ, ಹಾಗೆ ಇದೆ.”

“ನನ್ನ ಮಗ ಬೆಂಗಳೂರಾಗ ಗಾರೆ ಕೆಲಸಕ್ಕ ಹೋಗ್ಯಾನ್ರಿ. ಇದ್ದ ಮಗನ್ನ ಕಾಗದದಾಗ ಇಲ್ಲಂತ ಯಾಕ ಬರಸ್ಲಿ? ತಗೀರಿ ಅದನ್ನ.”

ಬರೆದವನು ಕೆಲಸ ಸುಲಭವಾಗಲೆಂದು ಹಾಗೆ ಬರೆದಿರಬಹುದು. ಅದರ ಕೆಳಗೆ ಹೆಬ್ಬೆಟ್ಟು ಒತ್ತಿದವಳಿಗೆ ಅದು ಗೊತ್ತೇ ಇರಲಿಲ್ಲ. ನಾಳೆ ವಾರಸಿನ ಪ್ರಶ್ನೆ ಬಂದರೆ ತಾಯಿಯ ಹೆಬ್ಬೆಟ್ಟೇ ಮಗನ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು. ಹೊಸ ಅರ್ಜಿಯಲ್ಲಿ ಮಗನ ಹೆಸರು ಬರೆದೆವು. ಮುಂದೆ ವೇತನ ಬರತೊಡಗಿತು. ಹೋದ ತಿಂಗಳುಗಳದು ಬರಲಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದರೆಂದು ನನಗೆ ತೋರುತ್ತದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಲೇಖ್ಯಪ್ರಕರಣವೆಂಬುದೊಂದುಂಟು. ಸಾಲಪತ್ರವನ್ನು ಹೇಗೆ ಬರೆಯಬೇಕು, ಸಾಕ್ಷಿಗಳು ತಂದೆಯ ಹೆಸರು ಸಹಿತವಾಗಿ ಹೇಗೆ ಸ್ವಹಸ್ತದಿಂದ ಬರೆಯಬೇಕು ಎಂದೆಲ್ಲ ಹೇಳಿ, ಕೊನೆಯಲ್ಲಿ ಲೇಖಕನು, ಇಬ್ಬರೂ ಕೇಳಿಕೊಂಡ ಮೇರೆಗೆ ಇಂಥವನ ಮಗನಾದ ನಾನು ಇದನ್ನು ಬರೆದೆನೆಂದು ತನ್ನ ಹೆಸರನ್ನೂ ಹಾಕಬೇಕೆಂದು ವಿಧಿಸಿದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ೨೦೧೯ರಲ್ಲಿ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರಲ್ಲ, ಆ ಕಲ್ಯಾಣವೇ ಇದು. ಕ್ರಯಪತ್ರಗಳ ಕಡೆಯಲ್ಲಿ ‘ಬಿಕ್ಕಲಂ’ ಎಂದು ಬರೆದವನ ಹೆಸರು ಹಾಕುವ ಪದ್ಧತಿಯೂ ಇದೇ ಜಾತಿಯದು. ಆದರೆ ವೇತನದ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಬ್ಯಾಂಕಿನ ನಮೂನೆ ಮುಂತಾದವುಗಳನ್ನು ತುಂಬಿಕೊಟ್ಟವನ ಹೆಸರನ್ನು ಕಾಣುವುದು ಅಪರೂಪ. ತಪ್ಪು ಬರೆದವನು ಕಾಣೆಯಾಗುತ್ತಾನೆ, ಹೆಬ್ಬೆಟ್ಟು ಉಳಿಯುತ್ತದೆ.

ಓದಿ ಹೇಳುವುದು ಬರಿಯ ಉಪಕಾರವೆಂದು ತಿಳಿಯಬಾರದು. ಎಷ್ಟೋ ಕಡೆ ಅದು ಕಾಯಿದೆಯ ಕಟ್ಟಳೆ. ಅಪರಾಧದ ಸುದ್ದಿಯನ್ನು ಬಾಯಿಮಾತಿನಲ್ಲಿ ಹೇಳಿದರೆ ಪೊಲೀಸು ಠಾಣೆಯವರು ಅದನ್ನು ಬರೆದುಕೊಂಡು, ಹೇಳಿದವನಿಗೆ ಓದಿ ತಿಳಿಸಿ, ಪ್ರತಿಯನ್ನು ಪುಕ್ಕಟೆಯಾಗಿ ಕೊಡತಕ್ಕದ್ದು. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ ೨೦೨೪ರ ಜುಲೈ ೧ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ, ಬರೆಯಲಾರದವನು ಬಾಯಲ್ಲಿ ಕೇಳಿದರೆ ಅಧಿಕಾರಿಯೇ ಅದನ್ನು ಬರಹಕ್ಕಿಳಿಸಲು ನೆರವಾಗಬೇಕು. ೨೦೧೨ರಿಂದ ರಾಜ್ಯದಾದ್ಯಂತ ನಡೆದಿರುವ ‘ಸಕಾಲ’ದಲ್ಲಿ ಪ್ರತಿಯೊಂದು ಸೇವೆಗೂ ದಿನದ ಮಿತಿಯುಂಟು, ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗೆ ಪರಿಹಾರವನ್ನು ಅರ್ಜಿದಾರನು ಕೇಳಬಹುದು. ಆದರೆ ಕೇಳಬೇಕಾದರೆ ಅರ್ಜಿ ಕೊಟ್ಟಾಗ ಬರುವ ಸ್ವೀಕೃತಿಪತ್ರ ಕೈಯಲ್ಲಿರಬೇಕು. ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಲ್ಲಿ ಅದೊಂದು ಚೀಟಿಯೆಂದು ಒಲೆಯ ಪಾಲಾಗುತ್ತದೆ.

ಗುಳೆ ಹೋಗುವ ಸಂಸಾರಗಳಿಗೆ ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಜನನವನ್ನು ಅದು ಸಂಭವಿಸಿದ ಊರಿನಲ್ಲಿಯೇ ದಾಖಲು ಮಾಡಿಸತಕ್ಕದ್ದು. ೨೧ ದಿನದೊಳಗಾದರೆ ಶುಲ್ಕವಿಲ್ಲ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿದ್ದಾಗ ಹುಟ್ಟಿದ ಕೂಸಿನ ಪತ್ರವನ್ನು ಸುರಪುರದ ನಗರಸಭೆಯಲ್ಲಿ ಕೇಳಿದರೆ ಸಿಕ್ಕದು. ಮೊದಲು ಇದು ಅಷ್ಟು ಬಾಧಿಸುತ್ತಿರಲಿಲ್ಲ. ಸಾಲಿಗೆ ಹೆಸರು ಹಚ್ಚುವಾಗ ತಾಯಿಗೆ ತಾರೀಖು ಗೊತ್ತಿಲ್ಲದಿದ್ದರೆ ಮಾಸ್ತರರು ಜೂನ ೧ ಎಂದು ಬರೆಯುವ ರೂಢಿ ನಾಡೆಲ್ಲ ಇತ್ತು. ಆದಕಾರಣವೇ ಒಂದು ತಲೆಮಾರಿನ ಅರ್ಧ ಜನ ಜೂನ ೧ರಂದು ಹುಟ್ಟಿದವರಂತೆ ಕಾಣುತ್ತಾರೆ! ೨೦೨೩ರ ಅಕ್ಟೋಬರ ೧ ಮತ್ತು ಅದರ ತರುವಾಯ ಹುಟ್ಟಿದ ಮಕ್ಕಳಿಗೆ ಆ ಸವಲತ್ತಿಲ್ಲ. ಸಾಲೆಯ ಪ್ರವೇಶ ಮೊದಲಾದವುಗಳಿಗೆ ಅವರ ವಯಸ್ಸಿನ ರುಜುವಾತು ಜನನಪತ್ರವೊಂದೇ.

ಇಂದು ಪೇಟೆಯಲ್ಲಿ ಹತ್ತು ಹೆಜ್ಜೆಗೊಂದು ಕಂಪ್ಯೂಟರ ಅಂಗಡಿಯಿದೆ. ಅಲ್ಲಿಯ ಹುಡುಗರು ಚುರುಕಿನವರು. ೨೦೧೦ರಲ್ಲಿ ಯಾದಗಿರಿ ಜಿಲ್ಲೆಯಾಗುವ ಮುಂಚೆ ಜಿಲ್ಲಾ ಕಚೇರಿಯ ಸಣ್ಣ ಕೆಲಸಕ್ಕೂ ಕಲಬುರಗಿಗೆ ಹೋಗಿ ದಿನವಿಡೀ ಕಳೆಯುತ್ತಿದ್ದುದನ್ನು ನೆನೆದರೆ ಅವರ ಉಪಕಾರ ಸಣ್ಣದಲ್ಲ. ಆದರೆ ಸರದಿ ಉದ್ದವಿರುತ್ತದೆ, ಕಾಗದವು ಗಾಜಿನ ಮೇಲೆಯೇ ಇರುತ್ತದೆ, ಓದಿ ಹೇಳುವಷ್ಟು ವ್ಯವಧಾನ ಅವರಿಗಿಲ್ಲ. ಇತ್ತ ಪಡಿತರದ ಅಂಗಡಿಯಲ್ಲಿ ನಾನೂ ಹೆಬ್ಬೆಟ್ಟು ಒತ್ತುತ್ತೇನೆ, ಆ ಮುದುಕಿಯೂ ಒತ್ತುತ್ತಾಳೆ. ಕಲ್ಲು ಹೊತ್ತು ಸವೆದ ಅವಳ ಬೆರಳನ್ನು ಆ ಯಂತ್ರವು ಒಮ್ಮೊಮ್ಮೆ ಗುರುತಿಸುವುದಿಲ್ಲ, ಅಷ್ಟೇ ಭೇದ.

ಆದುದರಿಂದ ನಾವು ನಾಲ್ಕಾರು ಮಂದಿ ಅಕ್ಷರವಂತರು ಓಣಿಯಲ್ಲಿ ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಯಾರ ಕಾಗದವನ್ನು ಬರೆದರೂ ಪೂರ್ತಿಯಾಗಿ ಗಟ್ಟಿಯಾಗಿ ಓದಿ ಹೇಳಬೇಕು, ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಆಮೇಲೆಯೇ ಹೆಬ್ಬೆಟ್ಟು. ಕೆಳಗೆ ‘ಓದಿ ಹೇಳಿದವರು’ ಎಂದು ನಮ್ಮ ಹೆಸರು, ತಾರೀಖು. ಒಂದು ಕಚೇರಿಯಲ್ಲಿ ಇದೇನೆಂದು ಕೇಳಿದರು. ಯಾಜ್ಞವಲ್ಕ್ಯನ ಹೆಸರು ಹೇಳಿದೆನು, ನಕ್ಕು ತೆಗೆದುಕೊಂಡರು.

ಈಗೀಗ ಈ ಕೆಲಸಕ್ಕೆ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಬಂದು ಕೂಡುತ್ತಾಳೆ. ಸಣ್ಣ ಅಕ್ಷರದ ಷರತ್ತುಗಳನ್ನು ನನ್ನ ಕಣ್ಣು ಹಿಡಿಯುವುದಿಲ್ಲ, ಅವಳು ಓದುತ್ತಾಳೆ. ಕಳೆದ ತಿಂಗಳು ಯಾರದೋ ನೋಟೀಸು ಓದುತ್ತಿರುವಾಗ, ಕೇಳುತ್ತ ಕುಳಿತಿದ್ದ ಹೆಂಗಸು “ತಂಗಿ, ಅನುಬಂಧ ಅಂದರೇನವ್ವ?” ಎಂದಳು. ನಾನು ಧಾತು ಪ್ರತ್ಯಯಗಳನ್ನು ಬಿಡಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ, “ಗಾಳಿಪಟಕ್ಕ ಬಾಲಂಗೋಚಿ ಇರ್ತದಲ್ರಿ ಆಯಿ, ಹಂಗ. ಇದಕ್ಕ ಹಿಂದ ಇನ್ನೊಂದು ಹಾಳಿ ಅದ” ಎಂದು ಹೇಳಿ, ಹಾಳೆ ಮಗುಚಿ ಮುಂದಕ್ಕೆ ಓದಿದಳು.