ಹಿಮ ತೂರುವ ಟ್ರಾಕ್ಟರು

ನಮ್ಮ ಕಡೆ ಟ್ರಾಕ್ಟರಿನ ಹಿಂದೆ ಏನೇನು ಕಟ್ಟುತ್ತಾರೆ? ನೇಗಿಲು, ಕುಂಟೆ, ರೋಟವೇಟರ್, ಟ್ರೇಲರ್, ಒಕ್ಕಣೆ ಯಂತ್ರ. ದಾವಣಗೆರೆ ಕಡೆಯ ಐ.ಟಿ.ಐ.ಗಳಲ್ಲಿ ಮೂವತ್ತು ವರ್ಷ ಹುಡುಗರಿಗೆ ಟ್ರಾಕ್ಟರ್ ಬಿಚ್ಚಿ ಜೋಡಿಸುವುದನ್ನು ಕಲಿಸಿದ ನನಗೆ ಇದಕ್ಕಿಂತ ಹೆಚ್ಚಿನದು ಗೊತ್ತಿರಲಿಲ್ಲ. ನಿವೃತ್ತನಾದ ಮೇಲೆ ಮಗಳ ಮನೆಗೆಂದು ಅಮೆರಿಕದ ಬಫಲೋ ನಗರದ ದಕ್ಷಿಣಕ್ಕಿರುವ ಒಂದು ಹಳ್ಳಿಗೆ ಹೋಗಿದ್ದೆ. ಅಕ್ಟೋಬರ್ ತಿಂಗಳ ಒಂದು ಸಂಜೆ ಅಳಿಯಂದಿರು ಕೇಳಿದರು: “ಮಾವ, ನಮ್ಮ ಟ್ರಾಕ್ಟರಿಗೆ ಒಂದು ಸ್ನೋಬ್ಲೋವರ್ ಕೊಳ್ಳಬೇಕು. ಯಾವುದು ತಗೊಳ್ಳಲಿ, ನೀವೇ ಹೇಳಿ.”

ಸ್ನೋಬ್ಲೋವರ್ ಎಂದರೆ, ಕಣದಲ್ಲಿ ರಾಶಿ ತೂರಿದಂತೆ ಹಿಮವನ್ನು ತೂರುವ ಯಂತ್ರ. ಅವರ ಟ್ರಾಕ್ಟರಾದರೂ ದೊಡ್ಡದೇನಲ್ಲ. 25 ಅಶ್ವಶಕ್ತಿಯದು, ನಮ್ಮಲ್ಲಿ ಅಡಿಕೆ, ದ್ರಾಕ್ಷಿ ತೋಟಗಳ ಸಾಲಿನಲ್ಲಿ ಓಡಾಡುವಂಥದ್ದು. ಯಾರೋ ರೈತರಿಂದ ಹಳೆಯದನ್ನೇ ಕೊಂಡಿದ್ದರು.

ಇಷ್ಟಕ್ಕೂ ಯಂತ್ರವೇ ಏಕೆ ಬೇಕು, ಸಲಿಕೆ ಸಾಲದೇ ಎಂದು ಕೇಳಿದೆ. ಉತ್ತರ ಕೊಟ್ಟವಳು ಒಂಬತ್ತನೇ ತರಗತಿಯ ಮೊಮ್ಮಗಳು. “ಅಜ್ಜ, ಲೆಕ್ಕ ಹಾಕೋಣ ಬಾ” ಎಂದು ಕಾಗದ ಹಿಡಿದು ಕುಳಿತಳು. ಮನೆಯಿಂದ ರಸ್ತೆಗೆ ದಾರಿ 60 ಮೀಟರ್ ಉದ್ದ, 3 ಮೀಟರ್ ಅಗಲ. ಒಂದು ರಾತ್ರಿ ಅರ್ಧ ಮೀಟರ್ ಹಿಮ ಬಿದ್ದರೆ 90 ಘನ ಮೀಟರ್. ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ ನೂರು ಕಿಲೋ ತೂಗುತ್ತದೆಂದು ಹಿಡಿದರೂ ಒಟ್ಟು ಒಂಬತ್ತು ಟನ್! ಸಲಿಕೆಗೆ ಐದು ಕಿಲೋದಂತೆ ಎತ್ತಿದರೆ ಸಾವಿರದ ಎಂಟುನೂರು ಸಲ ಬಗ್ಗಿ ಏಳಬೇಕು. ಹಿಮ ಒದ್ದೆಯಾಗಿದ್ದರೆ ತೂಕ ಎರಡು ಮೂರು ಪಟ್ಟು ಏರುತ್ತದೆ. ಕೊರೆಯುವ ಚಳಿಯಲ್ಲಿ ಹಿಮ ಎತ್ತುವಾಗಲೇ ಹೃದಯಾಘಾತವಾಗುವುದು ಆ ದೇಶದಲ್ಲಿ ಪ್ರತಿ ಚಳಿಗಾಲ ಕೇಳಿಬರುವ ಸುದ್ದಿ. ನಾನು ಸಲಿಕೆಯ ಮಾತನ್ನು ಅಲ್ಲಿಗೇ ಬಿಟ್ಟೆ.

ಬಫಲೋ ಸೀಮೆಗೆ ಇಷ್ಟೊಂದು ಹಿಮ ಬೀಳುವುದಕ್ಕೆ ಕಾರಣ ಪಕ್ಕದ ಈರಿ ಸರೋವರ. ಚಳಿಗಾಲದ ಆರಂಭದಲ್ಲಿ ನೀರಿನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಕೊರೆಯುವ ಗಾಳಿ ಹಾದು, ಹಬೆಯನ್ನು ಹೀರಿ, ದಡ ಮುಟ್ಟುತ್ತಲೇ ಹಿಮವಾಗಿ ಸುರಿಸುತ್ತದೆ. 2022ರ ನವೆಂಬರ್‌ನಲ್ಲಿ ನಗರದ ದಕ್ಷಿಣದ ಊರುಗಳಲ್ಲಿ ಕೆಲವೇ ದಿನಗಳಲ್ಲಿ ಆರೂವರೆ ಅಡಿ ಬಿದ್ದಿತ್ತು. ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿನ ಹಿಮಗಾಳಿಯಲ್ಲಿ ಆಂಬುಲೆನ್ಸ್‌ಗಳೂ ಓಡಲಾಗದೆ, ಬಫಲೋ ಇರುವ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಪಾಳಿಗೆ ಆರು ಗಂಟೆಗೆ ಹೊರಡಬೇಕು. ಅಂಗಳದ ದಾರಿ ತೆರೆಯದಿದ್ದರೆ ಅವಳು ಹೋಗುವಂತಿಲ್ಲ, ರಾತ್ರಿ ಪಾಳಿಯವಳು ಮನೆಗೆ ಬರುವಂತಿಲ್ಲ.

ಈ ಯಂತ್ರದ ಹುಟ್ಟು ರೈಲಿನಿಂದ. 1869ರಲ್ಲಿ ಕೆನಡಾದ ಟೊರಾಂಟೊದಲ್ಲಿ ಎಲಿಯಟ್ ಎಂಬ ದಂತವೈದ್ಯ, ಹಳಿಯ ಮೇಲಿನ ಹಿಮವನ್ನು ತಿರುಗುವ ಚಕ್ರದಿಂದ ತೆಗೆಯುವ ಕಲ್ಪನೆಗೆ ಪೇಟೆಂಟ್ ಪಡೆದ. ಹಲ್ಲು ಕೊರೆಯುವವನಿಗೆ ಹಿಮ ಕೊರೆಯುವುದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ! ರಸ್ತೆಗೆ ತಕ್ಕ ಯಂತ್ರವನ್ನು 1925ರಲ್ಲಿ ತಯಾರಿಸಿದವನು ಕ್ವಿಬೆಕ್‌ನ ಆರ್ಥರ್ ಸಿಕಾರ್. ಎರಡು ವರ್ಷದ ನಂತರ ಅದನ್ನು ಮಾಂಟ್ರಿಯಲ್ ಪಕ್ಕದ ಊಟ್ರಮಾಂಟ್ ಪಟ್ಟಣಕ್ಕೆ ಮಾರಿದ.

ಟ್ರಾಕ್ಟರಿಗೆ ಕಟ್ಟುವ ಯಂತ್ರದಲ್ಲಿ ಎರಡು ಹಂತಗಳಿವೆ. ಮುಂದೆ ಅಡ್ಡಲಾಗಿ ಮಲಗಿದ, ಸುರುಳಿಯಂಥ ಅಲಗು ನಿಧಾನವಾಗಿ ತಿರುಗುತ್ತ ಹಿಮವನ್ನು ಎರಡೂ ಬದಿಯಿಂದ ನಡುವಿಗೆ ಎಳೆಯುತ್ತದೆ. ಅದರ ಹಿಂದಿನ ಫ್ಯಾನಿನಂಥ ಇಂಪೆಲ್ಲರ್ ವೇಗವಾಗಿ ತಿರುಗಿ, ಬಂದದ್ದನ್ನು ಮೇಲಿನ ಕೊಳವೆಯ ಮೂಲಕ ಎಸೆಯುತ್ತದೆ. ಶಕ್ತಿ ಬರುವುದು ನಮ್ಮ ರೋಟವೇಟರಿಗೆ ಬರುವ ಕಡೆಯಿಂದಲೇ, ಪಿ.ಟಿ.ಓ. ಶಾಫ್ಟಿನಿಂದ; ನಿಮಿಷಕ್ಕೆ ಅದೇ 540 ಸುತ್ತು. ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಇಂಪೆಲ್ಲರಿನ ವ್ಯಾಸ ಅರ್ಧ ಮೀಟರ್ ಇದ್ದು, ಅದು ಶಾಫ್ಟಿನ ವೇಗದಲ್ಲೇ ತಿರುಗಿದರೆ, ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 14 ಮೀಟರ್. 45 ಡಿಗ್ರಿ ಕೋನದಲ್ಲಿ ಎಸೆದರೆ, ಗಾಳಿಯ ತಡೆಯನ್ನು ಬಿಟ್ಟು, ಹಿಮ 20 ಮೀಟರ್ ದೂರ ಬೀಳಬೇಕು. ಪಿ.ಯು.ಸಿ. ಭೌತಶಾಸ್ತ್ರ ಓದಿದವರು ತಾಳೆ ನೋಡಲಿ. ಆದರೆ ಎಂಜಿನ್ ದಮ್ಮು ಕಳೆದು ವೇಗ ಅರ್ಧಕ್ಕೆ ಇಳಿದರೆ, ದೂರ ಕಾಲು ಭಾಗಕ್ಕೆ ಇಳಿಯುತ್ತದೆ, ಕೊಳವೆ ಕಟ್ಟುತ್ತದೆ. ಆಯ್ಕೆಯ ಗುಟ್ಟೆಲ್ಲ ಇರುವುದು ಇಲ್ಲಿ.

ಅಂಗಡಿಯವನು 72 ಇಂಚು ಅಗಲದ್ದನ್ನು ತೋರಿಸಿ, “ಎರಡೇ ಸುತ್ತಿಗೆ ಕೆಲಸ ಮುಗಿಯುತ್ತದೆ” ಎಂದು ಆಸೆ ಹುಟ್ಟಿಸಿದ್ದ. ನಾನು ಬೇಡವೆಂದೆ. ಎಂಜಿನ್ 25 ಅಶ್ವಶಕ್ತಿಯದಾದರೆ ಪಿ.ಟಿ.ಓ. ತುದಿಯಲ್ಲಿ ಸಿಗುವುದು ಇಪ್ಪತ್ತರ ಆಸುಪಾಸು. ಅದರಲ್ಲಿ ಆರಡಿ ಅಗಲದ ಒದ್ದೆ ಹಿಮವನ್ನು ತಿನ್ನಿಸಿದರೆ ಎಂಜಿನ್ ನರಳುತ್ತದೆ. ಹಾಗೆಂದು ತೀರ ಕಿರಿದಾದರೂ ಆಗದು. ಚಕ್ರಗಳ ಹೊರ ಅಂಚಿಗಿಂತ ಯಂತ್ರ ತುಸುವಾದರೂ ಅಗಲವಿರಬೇಕು. ಇಲ್ಲದಿದ್ದರೆ ಚಕ್ರ ತೆಗೆಯದ ಹಿಮದ ಮೇಲೆ ಹತ್ತುತ್ತದೆ. ಟೇಪು ಹಿಡಿದು ಅಳೆದೆವು. ಹೊರ ಅಂಚಿಂದ ಅಂಚಿಗೆ 52 ಇಂಚು. ಹಾಗಾಗಿ 60 ಇಂಚಿನದು ಸಾಕು ಎಂದು ತೀರ್ಮಾನವಾಯಿತು.

ಕ್ಲಚ್ಚನ್ನೂ ಪರೀಕ್ಷಿಸಿದೆ. ಗೇರಿನ ಟ್ರಾಕ್ಟರಿನಲ್ಲಿ ಒಂದೇ ಹಂತದ ಕ್ಲಚ್ ಇದ್ದರೆ, ಒತ್ತಿದೊಡನೆ ಚಕ್ರವೂ ನಿಲ್ಲುತ್ತದೆ, ಪಿ.ಟಿ.ಓ. ಕೂಡ ನಿಲ್ಲುತ್ತದೆ, ಬಾಯಿತುಂಬ ಹಿಮವಿಟ್ಟುಕೊಂಡ ಯಂತ್ರ ಅಲ್ಲೇ ಕಟ್ಟಿಕೊಳ್ಳುತ್ತದೆ. ಎರಡು ಹಂತದ್ದಾದರೆ ಟ್ರಾಕ್ಟರು ನಿಂತರೂ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ಅಳಿಯಂದಿರ ಪುಣ್ಯ, ಅವರದು ಎರಡು ಹಂತದ್ದು. ಅಲ್ಲಿ ಹೆಚ್ಚು ಮಾರಾಟವಾಗುವ ಹೈಡ್ರೋಸ್ಟ್ಯಾಟಿಕ್ ಸಣ್ಣ ಟ್ರಾಕ್ಟರುಗಳಿಗೆ ಈ ತಾಪತ್ರಯವಿಲ್ಲ. ಎಂಜಿನ್ನಿನ ವೇಗ ಹಾಗೇ ಇಟ್ಟು, ಪೆಡಲಿನಿಂದ ಆಮೆಯಂತೆ ನಡೆಸಬಹುದು. ಬದಲಿಗೆ ಸ್ವಲ್ಪ ಶಕ್ತಿ ನಷ್ಟ.

ಇನ್ನು ಯಂತ್ರ ಮುಂದಿರಬೇಕೇ, ಹಿಂದಿರಬೇಕೇ? ಮನೆಯಲ್ಲಿ ಎರಡು ದಿನ ಇದೇ ಚರ್ಚೆ. ಮುಂದಿನದಾದರೆ ಕಣ್ಣೆದುರೇ ಕೆಲಸ, ಕುತ್ತಿಗೆಗೆ ಆರಾಮ. ಆದರೆ ಅದಕ್ಕೆ ಟ್ರಾಕ್ಟರಿನ ಹೊಟ್ಟೆಯ ಕೆಳಗೆ ಬೇರೆ ಚೌಕಟ್ಟು, ಬೇರೆ ಶಾಫ್ಟ್, ಬೆಲೆಯೂ ಬಹಳ ಹೆಚ್ಚು. ಜೊತೆಗೆ ಸೌದೆ ಹೊರುವ ಮುಂದಿನ ಬಕೆಟ್ ಬಿಚ್ಚಿಡಬೇಕು. ಹಿಂದಿನದಾದರೆ ನೇಗಿಲು ಕಟ್ಟುವ ಮೂರು ಕೊಂಡಿಗಳಿಗೇ ಸಿಕ್ಕಿಸಿದರಾಯಿತು. ಆದರೆ ಅರವತ್ತು ಮೀಟರನ್ನೂ ಕತ್ತು ತಿರುಗಿಸಿಕೊಂಡು ಹಿಮ್ಮುಖವಾಗಿ ಓಡಿಸಬೇಕು. ನನ್ನ ಮಾತು ನಡೆದಿದ್ದರೆ ಮುಂದಿನದನ್ನೇ ಕೊಳ್ಳುತ್ತಿದ್ದೆವು. ಅಳಿಯಂದಿರು, “ಇವಳ ಕಾಲೇಜಿನ ಫೀಸು ಹತ್ತಿರ ಬರ್ತಿದೆ ಮಾವ, ಕುತ್ತಿಗೆ ನೋವಿಗೆ ಎಣ್ಣೆ ಹಚ್ಚಿಕೊಂಡರಾಯಿತು” ಎಂದರು. ತಂದೆಯಾದವನ ಈ ಲೆಕ್ಕದ ಎದುರು ನನ್ನ ಮೂವತ್ತು ವರ್ಷದ ಅನುಭವ ಸುಮ್ಮನಾಯಿತು. ಹಿಂದಕ್ಕೆ ಕಟ್ಟುವ, ಒಬ್ಬರು ಬಳಸಿದ್ದ 60 ಇಂಚಿನ ಯಂತ್ರ ಮನೆಗೆ ಬಂತು.

ಅದನ್ನು ನೋಡಲು ಬಂದ ಪಕ್ಕದ ಮನೆಯ ಮುದುಕ ಹಾಲಿನ ರೈತನಾಗಿದ್ದವನು. ಕೈಕುಲುಕಿದಾಗ ಬಲಗೈಯಲ್ಲಿ ಎರಡು ಬೆರಳು ಇಲ್ಲದ್ದು ತಿಳಿಯಿತು. ಕೊಳವೆ ಕಟ್ಟಿಕೊಂಡಿತ್ತಂತೆ. ಗಡಿಬಿಡಿಯಲ್ಲಿ ಯಂತ್ರ ನಿಲ್ಲಿಸದೆ ಕೈ ಹಾಕಿದ್ದನಂತೆ. ಅವನು ಮೊಮ್ಮಗಳನ್ನು ಕರೆದು ಕೈಯನ್ನು ಅವಳೆದುರು ಹಿಡಿದು ಹೇಳಿದ್ದು ಇಷ್ಟೇ: ಎಂಜಿನ್ ನಿಲ್ಲಿಸು, ಕೀಲಿ ಜೇಬಿಗೆ ಹಾಕು, ಎಲ್ಲ ತಿರುಗುವುದೂ ನಿಲ್ಲುವವರೆಗೆ ಕಾಯಿ, ಆಮೇಲೂ ಕೈಯಲ್ಲ, ಕೋಲು. ನಮ್ಮಲ್ಲಿ ಒಕ್ಕಣೆ ಯಂತ್ರಕ್ಕೆ ಸೆರಗು ಸಿಕ್ಕಿ ಆದ ಅನಾಹುತಗಳು ನೆನಪಾದವು. ಅವತ್ತೇ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದುದನ್ನು ಬದಲಿಸಿದೆ. ಮೊಮ್ಮಗಳ ಉದ್ದನೆಯ ಮಫ್ಲರಿಗೆ ಟ್ರಾಕ್ಟರಿನ ಬಳಿ ನಿಷೇಧ ಹಾಕಿದೆ.

ದಾರಿ ಜಲ್ಲಿಯದು. ಅಲಗು ನೆಲ ಮುಟ್ಟಿದರೆ ಹಿಮದ ಜೊತೆ ಕಲ್ಲನ್ನೂ ಎಸೆಯುತ್ತದೆ, ಗುಂಡಿನಂತೆ. ಆದ್ದರಿಂದ ಯಂತ್ರದ ಕೆಳಗಿನ ಎರಡು ಕಬ್ಬಿಣದ ಪಾದಗಳನ್ನು ಒಂದು ಇಂಚು ಇಳಿಸಿ ಬಿಗಿದೆ. ಶಿಯರ್ ಬೋಲ್ಟುಗಳನ್ನು ಮಾತ್ರ ಡಜನ್‌ಗಟ್ಟಲೆ ತರಿಸಿದೆ. ಅಲಗಿಗೆ ಗಟ್ಟಿ ವಸ್ತು ಸಿಕ್ಕಾಗ ಈ ಮೆದು ಬೋಲ್ಟು ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟು ಹಾಕುವ ಜಾಣರು ಅಲ್ಲಿಯೂ ಇದ್ದಾರೆ, ಹೊಲದ ಫ್ಯೂಸಿಗೆ ದಪ್ಪ ತಂತಿ ಸುತ್ತುವ ನಮ್ಮವರ ಹಾಗೆ.

ನವೆಂಬರ್ ಮೂರನೇ ವಾರ, ಒಂದು ಭಾನುವಾರ, ಮೊದಲ ದೊಡ್ಡ ಹಿಮ. ಬೆಳಗಿನ ನಾಲ್ಕೂವರೆಗೆ ಅಳಿಯಂದಿರು ಟೋಪಿಯ ಮೇಲೆ ಟೋಪಿ ಹಾಕಿ ಟ್ರಾಕ್ಟರ್ ಹತ್ತಿದರು. ದೀಪದ ಬೆಳಕಿನಲ್ಲಿ ಬಿಳಿಯ ಕಮಾನು ಬೇಲಿಯಾಚೆ ಬೀಳುತ್ತಿತ್ತು. ಇಪ್ಪತ್ತು ಮೀಟರ್ ಅಲ್ಲ, ಹನ್ನೆರಡು ಇದ್ದೀತು. ಅರ್ಧ ದಾರಿಯಲ್ಲಿ ‘ಟಕ್’ ಎಂದು ಅಲಗು ನಿಂತಿತು. ಎಂಜಿನ್ ನಿಂತಿತು, ಕೀಲಿ ಜೇಬಿಗೆ ಹೋಯಿತು. ಕೋಲಿನಿಂದ ಕೆದಕಿದರೆ ಸಿಕ್ಕಿದ್ದು ಪ್ಲಾಸ್ಟಿಕ್ ಚೀಲದೊಳಗೆ ಮರದ ದಿಮ್ಮಿಯಂತೆ ಹೆಪ್ಪುಗಟ್ಟಿದ ಭಾನುವಾರದ ಪತ್ರಿಕೆ, ಪುರವಣಿ ಸಮೇತ! ಪತ್ರಿಕೆ ಹಾಕುವ ಹುಡುಗ ನಮಗಿಂತ ಮೊದಲೇ ಎದ್ದಿದ್ದ.

ಕೋಟಿನ ಜೇಬಿನಿಂದ ಹೊಸ ಬೋಲ್ಟು ತೆಗೆದುಕೊಟ್ಟೆ. ಕೈಗವಸು ತೆಗೆದು ನಟ್ಟು ಬಿಗಿಯುವಷ್ಟರಲ್ಲಿ ಬೆರಳು ಮರಗಟ್ಟಿದವು. ಆರಕ್ಕೆ ಹತ್ತು ನಿಮಿಷವಿರುವಾಗ ಮಗಳ ಕಾರು ರಸ್ತೆ ಸೇರಿತು. ಅಳಿಯಂದಿರು ಕುತ್ತಿಗೆ ಉಜ್ಜಿಕೊಳ್ಳುತ್ತ ಒಳಗೆ ಬಂದು, “ಮಾವ, ಎಣ್ಣೆ ಎಲ್ಲಿದೆ?” ಎಂದರು.