ಶಾಸನದ ಛಾಯಾಚಿತ್ರಕ್ಕೆ 120 ಫಿಲ್ಮ್ ಏಕೆ?

ಶಾಸನ ನೋಡಲು ಹೊರಟಾಗ ನನ್ನ ಹೆಗಲಲ್ಲಿ ಪೆಟ್ಟಿಗೆಯಂಥ ಹಳೇ ಕ್ಯಾಮೆರಾ ಕಂಡವರೆಲ್ಲ ಕೇಳೋದು ಒಂದೇ ಪ್ರಶ್ನೆ: “ಮೊಬೈಲ್‌ನಲ್ಲೇ ಚೆನ್ನಾಗಿ ಬರುತ್ತಲ್ಲ ಸಾರ್, ಇದ್ಯಾಕೆ?” ಉತ್ತರ ಸ್ವಲ್ಪ ಉದ್ದವಿದೆ. ಹಿಂದಿನ ತಲೆಮಾರಿನವರು ಬಿಟ್ಟುಹೋದ ನೆಗೆಟಿವ್‌ಗಳನ್ನು ಓದಬೇಕಾದವರಿಗೂ ಅದು ಉಪಯೋಗಕ್ಕೆ ಬಂದೀತು.

ಮೀಡಿಯಂ ಫಾರ್ಮ್ಯಾಟ್ ಅಂದರೆ ಸಾಮಾನ್ಯವಾಗಿ 120 ಫಿಲ್ಮ್ ಬಳಸುವ ಕ್ಯಾಮೆರಾ. ಕೊಡಾಕ್ ಕಂಪನಿ ಈ ಫಿಲ್ಮನ್ನು 1901ರಲ್ಲಿ ತಂದಿತು, ಇಂದಿಗೂ ತಯಾರಾಗುತ್ತಿದೆ. ಇದಕ್ಕೆ 35 ಮಿ.ಮೀ. ಫಿಲ್ಮಿನ ಹಾಗೆ ಅಂಚಿನಲ್ಲಿ ತೂತುಗಳಿಲ್ಲ, ಬೆನ್ನಿಗೆ ಕಾಗದ ಇರುತ್ತದೆ. 6x6 ಚೌಕದಲ್ಲಿ ತೆಗೆದರೆ ಒಂದು ರೋಲಿಗೆ 12 ಚಿತ್ರ, 6x9ರಲ್ಲಿ ಎಂಟೇ. ರೋಲಿಫ್ಲೆಕ್ಸ್, ಹ್ಯಾಸಲ್‌ಬ್ಲಾಡ್, ಮಾಮಿಯಾ, ಯಾಶಿಕಾ ಹೆಸರುಗಳನ್ನು ಹಳೇ ಸ್ಟುಡಿಯೋಗಳನ್ನು ಕಂಡವರು ಕೇಳಿಯೇ ಇರುತ್ತೀರಿ.

ಲೆಕ್ಕ ಸರಳ. 35 ಮಿ.ಮೀ. ಚಿತ್ರದ ಅಳತೆ 24x36 ಮಿ.ಮೀ.; 6x6 ಚಿತ್ರದ ನಿಜವಾದ ಅಳತೆ ಸುಮಾರು 56x56. ವಿಸ್ತೀರ್ಣ ಮೂರೂವರೆ ಪಟ್ಟಿಗಿಂತ ಹೆಚ್ಚು. 60 ಸೆಂ.ಮೀ. ಚೌಕದ ಕಲ್ಲಿನ ಭಾಗವನ್ನು ಪೂರ್ತಿ ಹಿಡಿದರೆ, 2 ಸೆಂ.ಮೀ. ಎತ್ತರದ ಅಕ್ಷರ 35 ಮಿ.ಮೀ. ಫಿಲ್ಮಿನಲ್ಲಿ 0.8 ಮಿ.ಮೀ. ಆಗುತ್ತದೆ, 120ರಲ್ಲಿ ಹೆಚ್ಚುಕಡಿಮೆ 2 ಮಿ.ಮೀ. ಹಳಗನ್ನಡ ಲಿಪಿಯಲ್ಲಿ ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಅಂತರ ಒಳಗಿನ ಒಂದು ಗೀಟು ಮಾತ್ರ. ಅದು ಉಳಿಯ ಗೀಟೋ ಕಲ್ಲಿನ ಬಿರುಕೋ ಎಂದು ತೀರ್ಮಾನಿಸುವ ಹೊತ್ತಿಗೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಫಿಲ್ಮ್ ದೊಡ್ಡದಾದ ಮಾತ್ರಕ್ಕೆ ಪಾಠ ಸ್ಪಷ್ಟವಾಗೋದಿಲ್ಲ, ಬೆಳಕು ಮುಖ್ಯ. ನಡುಹಗಲ ಬಿಸಿಲು ನೇರ ಮುಖಕ್ಕೆ ಬಿದ್ದರೆ ಸವೆದ ಅಕ್ಷರ ಮಾಯ. ಬೆಳಕು ಕಲ್ಲಿನ ಮೈಯನ್ನು ಪಕ್ಕದಿಂದ ಸವರಿಕೊಂಡು ಹೋಗಬೇಕು. ಆಗ ಒಂದೊಂದು ಗೀಟೂ ನೆರಳು ತುಂಬಿಕೊಳ್ಳುತ್ತದೆ. ಆದರೆ ಬೆಳಕು ಬರುವ ದಿಕ್ಕಿನಲ್ಲೇ ಸಾಗುವ ಗೀಟಿಗೆ ನೆರಳಿಲ್ಲ. ಹಾಗಾಗಿ ನಾನು ಪ್ರತಿ ಭಾಗಕ್ಕೂ ಎರಡು ಚಿತ್ರ ತೆಗೆಯುತ್ತೇನೆ: ಒಂದು ಎಡದ ಬೆಳಕಿನಲ್ಲಿ, ಇನ್ನೊಂದು ಮೇಲಿನ ಬೆಳಕಿನಲ್ಲಿ. ಕಲ್ಲು ನೆರಳಲ್ಲಿದ್ದರೆ ಕನ್ನಡಿ ಹಿಡಿದು ಬಿಸಿಲು ತಿರುಗಿಸಬಹುದು. ಅಕ್ಷರಕ್ಕೆ ಸೀಮೆಸುಣ್ಣ ಮಾತ್ರ ತುಂಬಬೇಡಿ. ತುಂಬಿದವರು ಓದಿದ್ದು ಮಾತ್ರ ಚಿತ್ರದಲ್ಲಿ ಉಳಿಯುತ್ತದೆ, ಕಲ್ಲು ಹೇಳಿದ್ದು ಮರೆಯಾಗುತ್ತದೆ.

ಈ ಕ್ಯಾಮೆರಾಗಳಿಗೆ ಅವುಗಳದ್ದೇ ತಕರಾರುಗಳೂ ಉಂಟು. ಒಂದೇ ಅಪರ್ಚರಿನಲ್ಲಿ ಅದೇ ಭಾಗವನ್ನು ಹಿಡಿದರೆ 35 ಮಿ.ಮೀ.ಗಿಂತ ಇದರಲ್ಲಿ ಫೋಕಸ್ಸಿನ ಆಳ ಕಡಿಮೆ. ಆದ್ದರಿಂದ ಎಫ್/16 ಇಟ್ಟು, ಟ್ರೈಪಾಡ್ ಮೇಲೆ, ಫಿಲ್ಮಿನ ಮೈ ಕಲ್ಲಿಗೆ ಸಮಾನಾಂತರವಾಗಿರುವಂತೆ ನಿಲ್ಲಿಸಬೇಕು. ಎರಡು ಲೆನ್ಸಿನ ಕ್ಯಾಮೆರಾದಲ್ಲಿ ನಾವು ನೋಡುವ ಲೆನ್ಸು ಮೇಲೆ, ಚಿತ್ರ ಹಿಡಿಯುವುದು ಕೆಳಗೆ. ಹತ್ತಿರದಿಂದ ತೆಗೆದಾಗ ಮೊದಲ ಸಾಲು ಕತ್ತರಿಸಿಹೋದೀತು. ಮೇಲೆ ಜಾಗ ಬಿಡಿ. ಗಾಜಿನ ಮೇಲೆ ಬಿಂಬ ಎಡಬಲ ತಿರುಗಿ ಕಾಣುವುದರಿಂದ ಅಲ್ಲಿ ಶಾಸನ ಓದಲು ಹೋಗದೆ ಫೋಕಸ್ ನೋಡಿಕೊಂಡರೆ ಸಾಕು. ಪಕ್ಕದಲ್ಲಿ ಅಳತೆಪಟ್ಟಿ ಇರಲೇಬೇಕು.

ಪಡಿಯಚ್ಚು ಇರುವಾಗ ಛಾಯಾಚಿತ್ರ ಯಾಕೆ? ಪಡಿಯಚ್ಚು ಅಕ್ಷರವನ್ನು ನಿಜ ಅಳತೆಯಲ್ಲಿ ಕೊಡುತ್ತದೆ, ಅದಕ್ಕೆ ಸಾಟಿಯಿಲ್ಲ. ಆದರೆ ಕಲ್ಲಿನ ಬಣ್ಣಗೇಡು, ವೀರಗಲ್ಲಿನ ಶಿಲ್ಪದ ಉಬ್ಬು, ಕಲ್ಲು ನಿಂತಿದ್ದ ಜಾಗ ಇವೆಲ್ಲ ಅದರಲ್ಲಿ ಬರೋದಿಲ್ಲ. ಎರಡೂ ಇದ್ದರೆ ಒಂದರ ಸಂಶಯವನ್ನು ಇನ್ನೊಂದು ತೀರಿಸುತ್ತದೆ.

ಇವತ್ತಿನ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಈ ಕೆಲಸವನ್ನೆಲ್ಲ ಮಾಡುತ್ತದೆ, ನಾನೂ ಬಳಸುತ್ತೇನೆ. ಆದರೆ ನಿನ್ನೆಯ ಕಲ್ಲಿನ ಚಿತ್ರ ಇವತ್ತು ತೆಗೆಯಲಾಗದು. ಗುಡಿಯ ಜೀರ್ಣೋದ್ಧಾರದಲ್ಲಿ ಎನಾಮೆಲ್ ಬಳಿದ, ರಸ್ತೆಗೆಂದು ಒಡೆದ, ಬಟ್ಟೆ ಒಗೆದು ಸವೆದ ಕಲ್ಲಿನ ತ್ರುಟಿತ ಸಾಲಿಗೆ ಉಳಿದಿರುವ ಸಾಕ್ಷಿ ಯಾರದೋ ಅಟ್ಟದ ಮೇಲಿನ ನೆಗೆಟಿವ್ ಇರಬಹುದು. ಮೊದಲು ಮೂಸಿ ನೋಡಿ: ವಿನಿಗರ್ ವಾಸನೆ ಬಂದರೆ ಅಸಿಟೇಟ್ ಕೆಡಲು ಶುರುವಾಗಿದೆ; ಅದನ್ನು ಬೇರೆಯಿಟ್ಟು ಬೇಗ ಸ್ಕ್ಯಾನ್ ಮಾಡಿಸಿ. 2400 ಡಿಪಿಐನಲ್ಲಿ 6x6 ನೆಗೆಟಿವ್‌ನ ಒಂದೊಂದು ಬದಿಗೆ 5,000ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತವೆ. ಅಕ್ಷರ ತಿರುಗುಮುರುಗಾಗಿ ಕಂಡರೆ ಫಿಲ್ಮನ್ನು ಮಗುಚಿ ಹಾಕಿದರಾಯಿತು. ಉಳಿದವನ್ನು ತಂಪಾದ, ಒಣ ಜಾಗದಲ್ಲಿಡಿ. ಲಕೋಟೆಯ ಮೇಲೆ ಊರಿನ ಹೆಸರು ಬರೆದಿದ್ದರೆ ಆ ಲಕೋಟೆಯನ್ನೂ ಎಸೆಯಬೇಡಿ.