ಮೊದಲ ಸಿಗಾರ್ ಮತ್ತು ತಾತನ ಚುಟ್ಟ

  ಶುರು ಮಾಡೋಕೆ ಮುಂಚೆ ಒಂದು ಮಾತು. ಇವತ್ತಿನ ವಿಷಯ ತಂಬಾಕು. ನಿಮಗಿನ್ನೂ 21 ತುಂಬಿಲ್ಲ ಅಂದ್ರೆ ಕೇಳಿಸ್ಕೊಳ್ಳಿ, ಆದ್ರೆ ಅಂಗಡಿ ಕಡೆ ಹೋಗ್ಬೇಡಿ. 2025ರಿಂದ ಕರ್ನಾಟಕದಲ್ಲಿ ತಂಬಾಕು ಮಾರಾಟಕ್ಕೆ ವಯಸ್ಸು 18 ಅಲ್ಲ, 21. ಹುಕ್ಕಾ ಬಾರ್ ಪೂರ್ತಿ ನಿಷೇಧ. ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 200 ರೂಪಾಯಿ ಇದ್ದದ್ದು 1000ಕ್ಕೆ ಏರಿದೆ.

ವಿಷಯ ಬಂದಿದ್ದು ಹೀಗೆ. ನರಸಾಪುರದ ಕಡೆ ಕೆಲಸ ಮಾಡೋ ನನ್ನ ಗೆಳೆಯನೊಬ್ಬನಿಗೆ ಪ್ರಮೋಷನ್ ಆಯ್ತು. ದುಬೈಯಿಂದ ಬಂದ ಅವರ ಭಾವ ಎರಡು ಸಿಗಾರ್ ಕೊಟ್ಟು, ಒಂದು ನಿನಗೆ, ಇನ್ನೊಂದು ನಿನ್ನ ಫ್ರೆಂಡ್‌ಗೆ ಅಂದ್ರಂತೆ. ಇವನು ಅದನ್ನು ಜೇಬಲ್ಲಿಟ್ಟುಕೊಂಡು ಕೋಲಾರದ ನಮ್ಮ ಮನೆಗೆ ಬಂದ. "ಮಗಾ, ಮೈಕ್ ಮುಂದೆ ಕೂತು ಎಲ್ಲಾ ಗೊತ್ತು ಅಂತೀಯಲ್ಲ, ಇದನ್ನ ಹೆಂಗೆ ಸೇದೋದು ಹೇಳು." ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಅಂದೆ. ಮುಂದಿನದ್ದು ಆಮೇಲೆ ಹೇಳ್ತೀನಿ.

ಸಿಗಾರ್ ಅಂದ್ರೆ ನಮಗೆ ಸಿನಿಮಾದ ವಿಲನ್ ನೆನಪಾಗ್ತಾನೆ, ಇಲ್ಲಾ ಚರ್ಚಿಲ್. ಆ ಮನುಷ್ಯ 1896ರಲ್ಲಿ ಸೈನ್ಯದ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ, ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಇಟ್ಟು ಹೋದ ಅನ್ನೋದು ಎಲ್ಲರಿಗೂ ಗೊತ್ತಿರೋ ಕತೆ. ಆದ್ರೆ ಸಿಗಾರ್ ನಮ್ಮ ಕಡೆಗೆ ಅಷ್ಟು ಹೊಸದೇನಲ್ಲ. ಶ್ರೀನಿವಾಸಪುರ, ರಾಯಲ್ಪಾಡು ಕಡೆಯ ಹಳ್ಳಿಗಳಲ್ಲಿ ನಿಮ್ಮ ತಾತನನ್ನೋ ಅವರ ತಮ್ಮನನ್ನೋ ಕೇಳಿ ನೋಡಿ. ಅವರು ಅದಕ್ಕೆ 'ಚುಟ್ಟ' ಅಂತಾರೆ. ತೆಲುಗಿನ ಮಾತು, ಚುಟ್ಟ ಅಂದ್ರೆ ಸುತ್ತಿದ್ದು. ತಮಿಳಲ್ಲಿ ಅದೇ 'ಸುರುಟ್ಟು'. ಇಂಗ್ಲಿಷಿನವರ 'ಚೆರೂಟ್' ಹುಟ್ಟಿದ್ದು ಆ ತಮಿಳು ಪದದಿಂದ. ತಿರುಚಿನಾಪಳ್ಳಿಯ ಚುರುಟು ಎಷ್ಟು ಹೆಸರಾಗಿತ್ತು ಅಂದ್ರೆ, 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲೇ ಕೊಲೆಗಾರ ಸೇದೋದು ಅದನ್ನೇ. ಮದ್ರಾಸಿನ ಸ್ಪೆನ್ಸರ್ ಕಂಪನಿ ದಿಂಡಿಗಲ್‌ನಲ್ಲಿ ಚುರುಟು ಸುತ್ತೋ ಫ್ಯಾಕ್ಟರಿನೇ ಇಟ್ಟಿತ್ತು. ಹಂಗಾಗಿ ದುಬೈ ಡಬ್ಬಿಯಲ್ಲಿ ಬಂದದ್ದು ನಮ್ಮ ತಾತನ ಚುಟ್ಟದ ದೂರದ ನೆಂಟನೇ.

ಇವೆರಡಕ್ಕೂ ಸಿಗರೇಟಿಗೂ ವ್ಯತ್ಯಾಸ ಏನು? ಇದು ಅರ್ಥ ಆದ್ರೆ ಅರ್ಧ ವಿಷಯ ಅರ್ಥ ಆದಂಗೆ. ನಮ್ಮ ರಾಜ್ಯದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯೋ ತಂಬಾಕನ್ನು ಬ್ಯಾರನ್ ಅನ್ನೋ ಮನೆಯೊಳಗೆ ಬಿಸಿಗಾಳಿ ಹಾಯಿಸಿ ಒಣಗಿಸ್ತಾರೆ. ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತೆ, ಸಕ್ಕರೆ ಅಂಶ ಉಳ್ಕೊಳ್ಳುತ್ತೆ, ಸಿಗರೇಟಿಗೆ ಹೋಗುತ್ತೆ. ಸಿಗಾರ್ ಎಲೆಯನ್ನು ನೆರಳಲ್ಲಿ ತೂಗುಹಾಕಿ ವಾರಗಟ್ಟಲೆ ನಿಧಾನಕ್ಕೆ ಒಣಗಿಸ್ತಾರೆ. ಆಮೇಲೆ ರಾಶಿ ಹಾಕಿ, ನಾವು ತಿಪ್ಪೆ ಗೊಬ್ಬರ ಬಿಸಿ ಏರೋದನ್ನ ನೋಡ್ತೀವಲ್ಲ, ಹಂಗೆ ತನ್ನ ಬಿಸಿಯಲ್ಲೇ ಹುದುಗೋಕೆ ಬಿಡ್ತಾರೆ. ರಾಶಿ ಮಗುಚಿ ಮಗುಚಿ ತಿಂಗಳುಗಳು ಕಳೆಯುತ್ತವೆ. ಸಕ್ಕರೆ ಹೋಗುತ್ತೆ, ಎಲೆ ಕಂದಾಗುತ್ತೆ, ಘಾಟು ಇಳಿಯುತ್ತೆ.

ಈ ಹುದುಗಿನಿಂದ ಇನ್ನೊಂದು ಬದಲಾವಣೆ ಆಗುತ್ತೆ. ಸಿಗರೇಟಿನ ಹೊಗೆ ಸ್ವಲ್ಪ ಆಮ್ಲೀಯ. ಅದರ ನಿಕೋಟಿನ್ ರಕ್ತಕ್ಕೆ ಸೇರ್ಬೇಕು ಅಂದ್ರೆ ಶ್ವಾಸಕೋಶಕ್ಕೇ ಇಳೀಬೇಕು. ಸಿಗಾರ್ ಹೊಗೆ ಕ್ಷಾರೀಯ. ಅದರ ನಿಕೋಟಿನ್ ಕೆನ್ನೆಯ ಒಳಪದರದಿಂದಲೇ ಒಳಗೆ ಹೋಗುತ್ತೆ. ಅದಕ್ಕೇ ಸಿಗಾರ್ ಹೊಗೆಯನ್ನು ಎದೆಗೆ ಎಳ್ಕೊಳ್ಳಲ್ಲ, ಬಾಯಲ್ಲಿಟ್ಟು ಬಿಡೋದು. ನಮ್ಮ ತಾತ ಯಾವ ಪುಸ್ತಕಾನೂ ಓದಿರಲಿಲ್ಲ, ಆದ್ರೆ ಚುಟ್ಟ ಸೇದೋಕೆ ಹೊರಟ ಚಿಕ್ಕಪ್ಪನಿಗೆ ಹೇಳ್ತಿದ್ದದ್ದು ಒಂದೇ ಮಾತು, "ಪೊಗ ಮಿಂಗೊದ್ದುರಾ." ಹೊಗೆ ನುಂಗಬೇಡ ಕಣೋ ಅಂತ.

ಈಗ ಆರಿಸೋದು. ಒಂದು ಸಿಗಾರ್‌ನಲ್ಲಿ ಮೂರು ಪದರ. ಒಳಗಿನದ್ದು ಫಿಲ್ಲರ್, ಅದನ್ನ ಹಿಡಿದಿಡೋದು ಬೈಂಡರ್, ಮೇಲೆ ಕಾಣೋ ನುಣುಪಾದ ಎಲೆ ರ‍್ಯಾಪರ್. ಕೈಯಲ್ಲಿ ಮಾಡಿದ ಒಳ್ಳೆ ಸಿಗಾರ್‌ನಲ್ಲಿ ಫಿಲ್ಲರ್ ಅನ್ನೋದು ಈ ತುದಿಯಿಂದ ಆ ತುದಿಗೆ ಇರೋ ಉದ್ದ ಎಲೆಗಳು, ಲಾಂಗ್ ಫಿಲ್ಲರ್. ಅಗ್ಗದ್ದರಲ್ಲಿ ಚೂರು ಎಲೆ. ಅದು ಬೇಗ ಬಿಸಿಯಾಗಿ ಬಾಯಿ ಸುಡುತ್ತೆ.

ಅಳತೆ ಎರಡು. ಉದ್ದ ಇಂಚಲ್ಲಿ, ದಪ್ಪ 'ರಿಂಗ್ ಗೇಜ್'ನಲ್ಲಿ. ಒಂದು ಇಂಚನ್ನು 64 ಭಾಗ ಮಾಡಿದ್ರೆ ಅದರಲ್ಲಿ ಎಷ್ಟು ಭಾಗ ಅನ್ನೋದೇ ಗೇಜ್. 50 ಗೇಜ್ ಅಂದ್ರೆ ಸುಮಾರು 20 ಮಿಲಿಮೀಟರ್. 5 ಇಂಚು, 50 ಗೇಜಿನ 'ರೊಬಸ್ಟೊ' ಅಂಗಡಿಗಳಲ್ಲಿ ಹೆಚ್ಚು ಸಿಗುತ್ತೆ, ಅದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಮೊದಲ ಸಲಕ್ಕೆ ಅದು ಜಾಸ್ತಿ. 42 ಗೇಜಿನ ಆಸುಪಾಸು ಇರೋ 'ಪೆಟಿಟ್ ಕರೋನಾ' ಅರ್ಧ ಗಂಟೆಗೆ ಮುಗಿಯುತ್ತೆ. ಇನ್ನು ಬಣ್ಣ ನೋಡಿ ಮೋಸ ಹೋಗ್ಬೇಡಿ. ಕಪ್ಪಗಿರೋ 'ಮಡೂರೊ' ನೋಡೋಕೆ ಖಾರ ಅನಿಸುತ್ತೆ, ಎಷ್ಟೋ ಸಲ ಅದು ಸಿಹಿ ಕಡೆಗಿರುತ್ತೆ. ಜೋರು ನಿರ್ಧಾರ ಆಗೋದು ಒಳಗಿನ ಎಲೆಯಿಂದ. ಗಿಡದ ತುದಿಯ ಎಲೆ ಬಿಸಿಲು ಕುಡಿದು ಜೋರಾಗಿರುತ್ತೆ, ಬುಡದ್ದು ಮೆದು. ಅಂಗಡಿಯವರ ಹತ್ರ 'ಮೈಲ್ಡ್' ಅಂತಲೇ ಕೇಳಿ. ತಿಳಿಗಂದು ಬಣ್ಣದ ಕನೆಕ್ಟಿಕಟ್ ರ‍್ಯಾಪರ್ ಇರೋದು ಸಾಮಾನ್ಯವಾಗಿ ಮೆದುವಾಗಿರುತ್ತೆ.

ಕೈಯಲ್ಲಿ ಹಿಡಿದು ನೋಡೋದನ್ನ ಶ್ರೀನಿವಾಸಪುರದವರಿಗೆ ಹೇಳಿಕೊಡಬೇಕಾಗಿಲ್ಲ. ಮಾವಿನಹಣ್ಣು ಒತ್ತಿ ನೋಡ್ತೀರಲ್ಲ, ಹಂಗೇ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ತುಸು ಬಗ್ಗಿ ವಾಪಸ್ ಬರಬೇಕು. ಚರಪರ ಅಂದ್ರೆ ಒಣಗಿದೆ. ಕಲ್ಲಿನಂಗೆ ಗಟ್ಟಿ ಇದ್ರೆ ಹೊಗೆ ಎಳೆಯೋಕೆ ಆಗಲ್ಲ. ಸಿಗಾರ್ ಇರಬೇಕಾದ್ದು 65ರಿಂದ 70% ತೇವದಲ್ಲಿ. ನಮ್ಮ ಮಾರ್ಚ್ ತಿಂಗಳ ಗಾಳಿಗೆ ಟೊಮೆಟೊ ಕ್ರೇಟೇ ಬಿರುಕು ಬಿಡುತ್ತೆ, ಸಿಗಾರ್ ಯಾವ ಲೆಕ್ಕ. ಹೆದ್ದಾರಿ ಪಕ್ಕದ ಅಂಗಡಿಯ ಗಾಜಿನ ಡಬ್ಬಿಯಲ್ಲಿ ಬಿಸಿಲಿಗೆ ಕೂತಿದ್ದನ್ನ ತಗೊಳ್ಳೋದು ದುಡ್ಡು ದಂಡ. ಇನ್ನೊಂದು ವಿಷಯ: ನಮ್ಮ ದೇಶದಲ್ಲಿ ಕಾನೂನುಬದ್ಧವಾಗಿ ಮಾರೋ ತಂಬಾಕಿನ ಪ್ಯಾಕ್ ಮೇಲೆ 85% ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಲೇಬೇಕು. ಚಿತ್ರವೇ ಇಲ್ಲದ 'ಕ್ಯೂಬಾ' ಡಬ್ಬಿ ಇಲ್ಲಿನ ಅಂಗಡಿಯಲ್ಲಿ ಕಂಡ್ರೆ ಅದು ಕಳ್ಳಮಾಲು, ಇಲ್ಲಾ ನಕಲಿ.

ಸೇದೋ ಕ್ರಮ ಉದ್ದ ಇಲ್ಲ. ಮುಚ್ಚಿದ ತುದಿಯಲ್ಲಿ ಸಣ್ಣ ಟೋಪಿ ಥರ ಎಲೆ ಅಂಟಿಸಿರ್ತಾರೆ. ಅದನ್ನ ಎರಡು ಮಿಲಿಮೀಟರ್ ಅಷ್ಟೇ ಕತ್ತರಿಸಬೇಕು. ಆ ಟೋಪಿಯ ಗೆರೆ ದಾಟಿ ಕತ್ತರಿಸಿದ್ರೆ ರ‍್ಯಾಪರ್ ಈರುಳ್ಳಿ ಸಿಪ್ಪೆ ಥರ ಬಿಚ್ಚಿಕೊಳ್ಳುತ್ತೆ. ಬೆಂಕಿಕಡ್ಡಿ ಆದ್ರೆ ಗಂಧಕ ಪೂರ್ತಿ ಉರಿದು ಹೋಗೋವರೆಗೆ ಕಾಯಿರಿ. ಜ್ವಾಲೆಯನ್ನ ತಾಗಿಸದೆ, ತಿರುಗಿಸ್ತಾ ತಿರುಗಿಸ್ತಾ ತುದಿ ಕೆಂಪಾಗಿಸಿ. ಆಮೇಲೆ ನಿಮಿಷಕ್ಕೊಂದು ಸಲ, ಅಷ್ಟೇ. ಬೂದಿ ತಾನಾಗಿ ನಿಲ್ಲುತ್ತೆ, ಪದೇ ಪದೇ ಕೊಡವಬೇಡಿ. ರುಚಿ ಹುಡುಕೋರಿಗೆ ಮೊದಲ ಮೂರನೇ ಒಂದು ಭಾಗದಲ್ಲಿ ಹುರಿದ ಕಾಫಿಬೀಜ, ಒಣಗಿದ ಹುಲ್ಲು, ಹುರಿಗಡಲೆ ಥರದ ವಾಸನೆ ಸಿಗಬಹುದು. ಸಿಗದಿದ್ರೆ ಬೇಜಾರಿಲ್ಲ. ಪ್ಯಾಕ್ ಮೇಲೆ ಬರೆಯೋ 'ಚೆರಿ, ಚರ್ಮ, ದೇವದಾರು' ಎಲ್ಲಾ ನನ್ನ ನಾಲಿಗೆಗಂತೂ ಸಿಕ್ಕಿಲ್ಲ. ಕೊನೆಯ ಮೂರನೇ ಭಾಗ ಕಹಿ. ದುಡ್ಡು ಕೊಟ್ಟಿದ್ದೀನಿ ಅಂತ ಅದನ್ನ ಮುಗಿಸಲೇಬೇಕಾಗಿಲ್ಲ, ಇಟ್ಟುಬಿಡಿ, ತಾನೇ ಆರುತ್ತೆ.

ಹೊಟ್ಟೆ ತುಂಬಿರಲಿ. ಇದನ್ನ ನಾನು ಎರಡು ಸಲ ಹೇಳ್ತೀನಿ. ಹೊಟ್ಟೆ ತುಂಬಿರಲಿ. ಆವತ್ತು ನಾವಿಬ್ಬರೂ ಸಂಜೆ ಆರು ಗಂಟೆಗೆ, ಮಧ್ಯಾಹ್ನ ಊಟಾನೂ ಬಿಟ್ಟು, ನಮ್ಮ ಟೆರೇಸ್ ಹತ್ತಿದ್ವಿ. ಎದುರಿಗೆ ಅಂತರಗಂಗೆ ಬೆಟ್ಟ, ತಣ್ಣನೆ ಗಾಳಿ, ಫೋನಲ್ಲಿ ಇಳಯರಾಜ. ಅಡಿಗೆಮನೆ ಚಾಕುವಲ್ಲಿ ಅರ್ಧ ಇಂಚು ಕತ್ತರಿಸಿದೆ. ಸಿಗರೇಟಿನಂಗೆ ಎಳೆದೆ. ಹತ್ತು ನಿಮಿಷಕ್ಕೆ ಅಂಗೈ ಬೆವತು, ಬೆಟ್ಟ ಎರಡಾಗಿ ಕಾಣೋಕೆ ಶುರುವಾಯ್ತು. ಸಿಂಟೆಕ್ಸ್ ಟ್ಯಾಂಕ್ ತಬ್ಬಿಕೊಂಡು ವಾಂತಿ ಮಾಡಿದೆ. ಅಮ್ಮ ಮೇಲೆ ಬಂದು ಮೂಗು ಹಿಡ್ಕೊಂಡು ನಿಂತ್ರು, ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅದು ನಿಕೋಟಿನ್ ಜಾಸ್ತಿ ಆಗಿದ್ದಕ್ಕೆ. ಹಂಗೆ ಆದ್ರೆ ಸಿಗಾರ್ ಕೆಳಗಿಟ್ಟು, ಕೂತು, ನೀರು ಕುಡಿದು, ಒಂದು ತುಂಡು ಬೆಲ್ಲ ಬಾಯಿಗೆ ಹಾಕ್ಕೊಳ್ಳಿ. ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ. ಇಳಿಯದೆ ವಾಂತಿ, ಎದೆಬಡಿತ ಮುಂದುವರಿದ್ರೆ ಆಸ್ಪತ್ರೆಗೆ ಹೋಗಿ, ನಾಚಿಕೆ ಪಡ್ಬೇಡಿ.

ಅಮ್ಮ ಯಾಕೆ ಬೈಲಿಲ್ಲ ಅನ್ನೋದು ರಾತ್ರಿ ಗೊತ್ತಾಯ್ತು. ಆ ವಾಸನೆ ಅವರಿಗೆ ಅವರ ಅಪ್ಪನ ವಾಸನೆ.

ತಾತ ಸಂತೆಗೆ ಮದನಪಲ್ಲಿಗೆ ಹೋದಾಗಲೆಲ್ಲ ಚುಟ್ಟದ ಕಟ್ಟು ತರ್ತಿದ್ರು. ಮಾವಿನ ತೋಪಿಗೆ ನೀರು ಬಿಟ್ಟು ಬಂದು ಜಗಲಿ ಮೇಲೆ ಕೂತ್ರೆ ಒಂದು, ಊಟ ಆದ ಮೇಲೆ ಒಂದು. ಅರ್ಧ ಸೇದಿದ್ದನ್ನ ಕಿವಿ ಮೇಲೆ ಸಿಕ್ಕಿಸಿಕೊಳ್ಳೋರು. ತೋಪಿನೊಳಗೆ ಮಾತ್ರ ಹಚ್ಚುತ್ತಿರಲಿಲ್ಲ. ಬೇಸಿಗೆಯಲ್ಲಿ ಒಣಗಿದ ಎಲೆ ಹಾಸಿರುತ್ತೆ, ಒಂದು ಕಿಡಿ ಸಾಕು, ಇಪ್ಪತ್ತು ವರ್ಷದ ಮರ ಹೋಗುತ್ತೆ ಅನ್ನೋರು. ನೀವೂ ಫ್ರೆಂಡ್ಸ್ ಜೊತೆ ತೋಪಿಗೆ ಹೋಗಿ ಹಚ್ಚೋ ಪ್ಲಾನ್ ಇದ್ರೆ ಇದು ನೆನಪಿರಲಿ.

ತಾತನಿಗೆ ಕೆನ್ನೆಯೊಳಗೆ ಬಿಳಿ ಪಟ್ಟೆ ಬಂತು. ನೋವಿರಲಿಲ್ಲ, ಹಂಗಾಗಿ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಖಾರ ತಿಂದ್ರೆ ಉರಿ ಅಂತಿದ್ರು, ಅವ್ವ ಸಾರಿಗೆ ಮೆಣಸಿನಕಾಯಿ ಕಮ್ಮಿ ಮಾಡಿದ್ರು. ಆಮೇಲೆ ಬಾಯಿ ಪೂರ್ತಿ ತೆರೆಯೋಕೆ ಆಗ್ಲಿಲ್ಲ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ದವಡೆಯ ಒಂದು ಭಾಗ ತೆಗೀಬೇಕಾಯ್ತು. ಕೊನೆಯ ಎರಡು ವರ್ಷ ಮುದ್ದೆ ಕಲಸಿ ಗಂಜಿ ಮಾಡಿ ಕುಡಿಸ್ತಿದ್ರು. ಹೊಗೆ ನುಂಗಬೇಡ ಅಂದ ಅದೇ ತಾತ. ಅವರು ಒಂದು ಸಲವೂ ನುಂಗಿರಲಿಲ್ಲ.

ಇಲ್ಲೇ ಸಿಗಾರ್ ಬಗ್ಗೆ ದೊಡ್ಡ ತಪ್ಪು ತಿಳುವಳಿಕೆ ಇರೋದು. "ಒಳಗೆ ಎಳ್ಕೊಳ್ಳಲ್ವಲ್ಲ, ಏನೂ ಆಗಲ್ಲ." ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1998ರಲ್ಲಿ ಸಿಗಾರ್ ಮೇಲೇ ಒಂದು ದೊಡ್ಡ ವರದಿ ಹೊರತಂತು. ದಿನಾ ಸಿಗಾರ್ ಸೇದೋರಿಗೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಹೆಚ್ಚು, ಹೊಗೆ ಒಳಗೆಳೆಯದವರಿಗೂ ಹೆಚ್ಚು ಅಂತ ಅದರಲ್ಲಿದೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಿಮೆ ತಂಬಾಕು ಇದ್ರೆ ದೊಡ್ಡ ಸಿಗಾರ್‌ನಲ್ಲಿ 5ರಿಂದ 20 ಗ್ರಾಂ. ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆ ಹೆಂಗಸರು ಚುಟ್ಟದ ಉರಿಯೋ ತುದಿಯನ್ನೇ ಬಾಯೊಳಗಿಟ್ಟು ಸೇದೋ ಪದ್ಧತಿ ಇದೆ, ಅವರಲ್ಲಿ ಅಂಗುಳಿನ ಕ್ಯಾನ್ಸರ್ ಬಗ್ಗೆ ವೈದ್ಯರು ದಶಕಗಳಿಂದ ಬರೀತಿದ್ದಾರೆ. ನಮ್ಮ ಕೋಲಾರ ಜಿಲ್ಲೆಯಲ್ಲೂ ಬಾಯಿ ಕ್ಯಾನ್ಸರ್ ಹೆಚ್ಚು. ಇಲ್ಲಿ ಅದಕ್ಕೆ ಮುಖ್ಯ ಕಾರಣ ಹೊಗೆಯಲ್ಲ, ಎಲೆ ಅಡಿಕೆ ಜೊತೆ ಕೆನ್ನೆಯಲ್ಲಿ ಒತ್ತರಿಸಿ ಇಟ್ಟುಕೊಳ್ಳೋ ಹೊಗೆಸೊಪ್ಪು. ಹೆಂಗಸರಲ್ಲೂ ಜಾಸ್ತಿ.

ಹಾಗಂತ ವರ್ಷಕ್ಕೊಂದು ಸೇದಿದವನಿಗೂ ತಾತನ ಗತಿಯೇ ಅಂತ ನಾನು ಹೇಳ್ತಿಲ್ಲ. ಆ ವರದಿಯ ಅಂಕಿ ದಿನಾ ಸೇದೋರದ್ದು. ಆದ್ರೆ ನನಗೆ ಗೊತ್ತಿರೋ ಯಾರೂ ದಿನಾ ಸೇದ್ತೀನಿ ಅಂತ ಶುರು ಮಾಡಿದವರಲ್ಲ. ಸಿಗಾರ್‌ನಲ್ಲೂ ಇರೋದು ಅದೇ ನಿಕೋಟಿನ್. ಈಗಾಗಲೇ ಸಿಗರೇಟು ಬಿಟ್ಟವರು ಇದನ್ನ ಮುಟ್ಟದೇ ಇರೋದು ವಾಸಿ, ಯಾಕಂದ್ರೆ ಅವರು ಅಭ್ಯಾಸಬಲದಿಂದ ಹೊಗೆಯನ್ನ ಎದೆಗೇ ಎಳೀತಾರೆ. ಬಸುರಿ, ಮಗು, ಆಸ್ತಮಾ ಇರೋರು ಮನೆಯಲ್ಲಿದ್ರೆ ಟೆರೇಸೂ ಬೇಡ. ಛತ್ರದಲ್ಲಿ, ಮದುವೆ ಊಟದ ಹಾಲ್ ಪಕ್ಕದಲ್ಲಿ ಅಂತೂ ಬೇಡವೇ ಬೇಡ. ಬಾಯಲ್ಲಿ ಎರಡು ವಾರಕ್ಕೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಪಟ್ಟೆ ಇದ್ರೆ, ನೋವಿಲ್ಲ ಅಂದ್ರೂ, ದಂತ ವೈದ್ಯರಿಗೆ ತೋರಿಸಿ. ನಿಮಗಿಂತ ಮೊದಲು ನಿಮ್ಮ ಮನೆಯ ಅಜ್ಜಿ ಬಾಯಿ ತೋರಿಸಿ. ಟಾರ್ಚ್ ಅಂತೂ ನಿಮ್ಮ ಫೋನಲ್ಲೇ ಇದೆ.

ನನ್ನ ಗೆಳೆಯನ ಸಿಗಾರ್ ಏನಾಯ್ತು ಅಂತ ಕೇಳ್ತೀರ. ನಾನು ಟ್ಯಾಂಕ್ ಹತ್ರ ಇದ್ದಾಗ ಅವನು ಮಾತ್ರ ನಿಧಾನಕ್ಕೆ, ಬಾಯಲ್ಲಷ್ಟೇ ಇಟ್ಟು, ಅರ್ಧ ಸೇದಿ ಚೆನ್ನಾಗಿದೆ ಅಂದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಸುಮ್ಮನೆ ಅವನಿಗೆ ಆತುರ ಇರಲಿಲ್ಲ. ಉಳಿದ ಅರ್ಧ ಅಲ್ಲೇ ಪ್ಯಾರಾಪಿಟ್ ಮೇಲೆ ಆರಿ ಹೋಯ್ತು. ಮಾರನೇ ದಿನ ನಾನು ಎಸೆಯೋಕೆ ಹೋದ್ರೆ ಇರಲಿಲ್ಲ. ಅಮ್ಮ ಅದನ್ನ ಒಂದು ಕಾಗದದಲ್ಲಿ ಸುತ್ತಿ, ತಾತನ ಕನ್ನಡಕದ ಡಬ್ಬಿ ಇರೋ ಬೀರುವಿನಲ್ಲಿ ಇಟ್ಟಿದ್ರು. ಬೀರು ಬಾಗಿಲು ತೆಗೆದ್ರೆ ಈಗಲೂ ಸಣ್ಣಗೆ ವಾಸನೆ ಬರುತ್ತೆ.